ಒಡೆದ ಗಾಜಿಗೆ ನಲವತ್ತು ದಿರ್ಹಮ್

ಶಾರ್ಜಾದ ರೋಲಾದಲ್ಲಿ ನನ್ನದು ಮಂಚದಷ್ಟಗಲದ ಅಂಗಡಿ.
ಒಡೆದ ಗಾಜಿಗೆ ನಲವತ್ತು, ಬ್ಯಾಟರಿಗೆ ಅರವತ್ತು,
ನೀರಿಗೆ ಬಿದ್ದದ್ದಕ್ಕೆ ಬಿಚ್ಚಿ ನೋಡಿಯೇ ಹೇಳಬೇಕು.
ಶುಕ್ರವಾರ ಮಗ್ರಿಬ್ ಮುಗಿಸಿ ಷಟರ್ ಅರ್ಧ ಎತ್ತಿದ್ದೆ,
ಒಬ್ಬ ಹುಡುಗ ಬಗ್ಗಿ ಒಳಗೆ ಬಂದ.

ಮೀಸೆ ಇನ್ನೂ ಯೋಚನೆ ಮಾಡುತ್ತಿರುವ ವಯಸ್ಸು.
"ಅಂಕಲ್, ಒಂದು ಫೋಟೋ ಅಳಿಸಬೇಕು."
ಅದಕ್ಕೆ ಅಂಗಡಿ ಯಾಕೋ, ಒತ್ತಿದರೆ ಆಯ್ತಲ್ಲ ಎಂದೆ.
"ನನ್ನ ಫೋನಿಂದ ಅಲ್ಲ," ಎಂದ, "ಎಲ್ಲ ಕಡೆಯಿಂದ."

ಏಸಿಯ ಸದ್ದು ಆಗ ದೊಡ್ಡದಾಗಿ ಕೇಳಿಸಿತು.

ಹೆಸರು ರೆನ್ವಿಲ್. ಅಪ್ಪನಿಗೆ ಜೆಬೆಲ್ ಅಲಿಯಲ್ಲಿ ಕ್ರೇನು.
ಆಟದೊಳಗೆ ಸಿಕ್ಕವಳು, ಇವನ ತಂಡದಲ್ಲೇ ಗುಂಡು ಹಾರಿಸಿದವಳು,
ಮೂರು ವಾರ ದಿನವೂ "ಊಟ ಆಯ್ತಾ" ಎಂದವಳು,
ಮನೆಯಲ್ಲಿ ಕೇಳುವವರಿಲ್ಲದ ಹೊತ್ತಿನಲ್ಲಿ ಕೇಳಿದವಳು,
ಒಂದು ಚಿತ್ರ ಕೇಳಿದಳು. ಕಳಿಸಿದ.
ಈಗ ಅವಳು ಅವಳಲ್ಲ. ಅವನೋ, ಅವರೋ.
ಸಾವಿರ ದಿರ್ಹಮ್, ನಾಳೆ ಮಧ್ಯಾಹ್ನದೊಳಗೆ,
ಇಲ್ಲವಾದರೆ ಶಾಲೆಯ ಗುಂಪಿಗೆ.
"ಪಪ್ಪನಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆ."

ಬಾಯಿಗೆ ಬಂದದ್ದು ಗಾದೆ:
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಗಂಟಲಲ್ಲೇ ತಡೆದೆ. ಮುಳುಗುತ್ತಿರುವವನಿಗೆ ಗಾದೆ ಯಾಕೆ?

ಮುತ್ತೆಂದಾಗ ನೆನಪಾದದ್ದು ಈ ಕಡಲಿನ ಹಳಬರು.
ಒಮ್ಮೆ ಮಗಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ.
ಗಾಜಿನ ಪೆಟ್ಟಿಗೆಯಲ್ಲಿ ಮೂಗು ಹಿಡಿಯುವ ಕ್ಲಿಪ್ಪು, ಕಾಲಿನ ಕಲ್ಲು,
ಪಕ್ಕದಲ್ಲಿ ಹಗ್ಗ, ಬರೀ ಹಗ್ಗ.
ಉಸಿರು ಮುಗಿದಾಗ ಕೆಳಗಿದ್ದವನು ಅದನ್ನು ಜಗ್ಗುತ್ತಿದ್ದ,
ದೋಣಿಯಲ್ಲೊಬ್ಬ ಇಡೀ ದಿನ ಅದನ್ನೇ ಹಿಡಿದು ಕೂತಿರುತ್ತಿದ್ದ.
ಜಗ್ಗಿದ್ದೇ ತಡ, ಎಳೆಯುತ್ತಿದ್ದ.
ಅಷ್ಟು ಆಳಕ್ಕೆ ಯಾಕೆ ಹೋದೆ ಎಂದು
ಮೊದಲು ಕೇಳಿ ಆಮೇಲೆ ಎಳೆದವನು ಯಾರೂ ಇರಲಿಕ್ಕಿಲ್ಲ.

ಸ್ಟೂಲು ಕೊಟ್ಟೆ. ಸುಲೈಮಾನಿ ತರಿಸಿದೆ.
ಹೆಂಡತಿಗೂ ಹೇಳದ ಕತೆ ಅವನಿಗೆ ಹೇಳಿದೆ:
ಮೂರು ವರ್ಷದ ಹಿಂದೆ ಬ್ಯಾಂಕಿನವನೆಂದು ಒಬ್ಬ ಕರೆ ಮಾಡಿ
ಆರು ಅಂಕಿ ಕೇಳಿದ. ಓದಿ ಹೇಳಿದೆ,
ಒಂದೊಂದಾಗಿ, ಸ್ಪಷ್ಟವಾಗಿ. ಥ್ಯಾಂಕ್ಯೂ ಎಂದ.
ಎರಡು ತಿಂಗಳ ದುಡಿಮೆ ಹೋಯ್ತು.
ರೋಲಾಕ್ಕೆಲ್ಲ ಫೋನು ರಿಪೇರಿ ಮಾಡುವವನು ನಾನು!
ಹುಡುಗ ನಕ್ಕ. ನಗುವಾಗಲೇ ಕಣ್ಣೀರು ಇಳಿಯಿತು.

"ದುಡ್ಡು ಕೊಡಬೇಡ; ಒಮ್ಮೆ ಕೊಟ್ಟವನ ಬಾಗಿಲು ಅವರಿಗೆ ಬಾಯಿಪಾಠ.
ಏನೂ ಅಳಿಸಬೇಡ. ಅವರ ಒಂದೊಂದು ಮಾತೂ ಇರಲಿ,
ಪೊಲೀಸರಿಗೆ ಬೇಕು. ಉತ್ತರ ಮಾತ್ರ ಬೇಡ.
ಪಪ್ಪನಿಗೆ ಫೋನ್ ಮಾಡು. ಸ್ವರ ಬಾರದಿದ್ದರೆ ನನಗೆ ಕೊಡು."

ಸ್ವರ ಬರಲಿಲ್ಲ. ನನಗೆ ಕೊಟ್ಟ.
ಹೇಳಿ ಮುಗಿಸಿದೆ. ಆ ಕಡೆ ಕಬ್ಬಿಣದ ಸದ್ದು,
ಮತ್ತೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಒಂದೇ ಮಾತು:
"ಅವನ ಊಟ ಆಯ್ತಾ?"

ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು.
ನುಸೈಬಾಳ ಕೋಣೆಯಲ್ಲಿ ಬೆಳಕು.
ದಾರಿಯುದ್ದಕ್ಕೂ ಕಟ್ಟಿದ ಬುದ್ಧಿಮಾತು ಹೊಸ್ತಿಲಲ್ಲಿ ಬಿಚ್ಚಿಹೋಯಿತು;
ಆರು ಅಂಕಿಯ ಕತೆಯನ್ನೇ ಹೇಳಿದೆ.
ಅವಳು ನಗಲಿಲ್ಲ. "ಉಪ್ಪಾ, ಫೋನ್ ಕೊಡಿ."

ನನ್ನ ಪ್ರೊಫೈಲಿನಲ್ಲಿ ಅವಳದೇ ಚಿತ್ರ,
ಎದೆಯ ಮೇಲೆ ಶಾಲೆಯ ಬಿಲ್ಲೆ, ಹಿಂದೆ ಕಟ್ಟಡದ ಹೆಸರು.
ನಾಲ್ಕು ವರ್ಷದಿಂದ ಲೋಕ ನೋಡುವಂತೆ
ತೂಗುಹಾಕಿದವನು ನಾನೇ, ಹೆಮ್ಮೆಯಿಂದ.
"ನನ್ನನ್ನು ಕೇಳಿದ್ರಾ?"
ಕೇಳಿರಲಿಲ್ಲ.

ಅವಳ ಹೆಬ್ಬೆರಳು ಎರಡು ಸಲ ಆಡಿತು.
"ಇಲ್ಲಿಂದ ಅಳಿಸಿದೆ," ಎಂದಳು.

ಎಲ್ಲ ಕಡೆಯಿಂದಲಾ ಎಂದು
ಕೇಳುವ ಧೈರ್ಯ ನನಗಾಗಲಿಲ್ಲ.