ಪ್ರಳಯೋತ್ತರ ಸುಂಟಿಕೊಪ್ಪ

ಲೋಕ ಮುಗಿದು ಮುನ್ನೂರು ವರ್ಷವಾಗಿತ್ತು
ಬೆಳಗ್ಗೆ ಏಳೂವರೆಯ ಹೊತ್ತಿಗೆ,
ಕುಟ್ಟಪ್ಪನವರ ಖಾಲಿ ಕಾಫಿ ಕಣದಲ್ಲಿ.
ಬಾಡಿಗೆ ಇಲ್ಲ, ಒಂದೇ ಷರತ್ತು:
ಲೋಕ ಏನಾದರೂ ಆಗಲಿ, ಸಿಮೆಂಟು ಬಿರುಕು ಬಿಡಕೂಡದು.

ಮೊಬೈಲ್ ರಿಪೇರಿಯ ಉಮ್ಮರ್ ನಿರ್ದೇಶಕ.
ಮದುವೆ ವಿಡಿಯೋದ ಲೋಬೋ ಕ್ಯಾಮೆರಾ;
ಕೈಗೆ ಹತ್ತಿದ ಅಭ್ಯಾಸ,
ನಗರಗಳು ಉರಿಯುವ ದೃಶ್ಯಕ್ಕೂ
ಗುಲಾಬಿ ಹೃದಯದ ಚೌಕಟ್ಟು ಹಾಕಿಬಿಟ್ಟ.

ನಾನು ಯಂತ್ರಮಾನವ.
ಎದೆಗೆ ಹಳೇ ಪಲ್ಪರಿನ ತಗಡು, ತಲೆಗೆ ಕಡುಬಿನ ಪಾತ್ರೆ,
ಕಣ್ಣಿಗೆ ಬೈಕಿನ ಎರಡು ಇಂಡಿಕೇಟರು.
ಎಡಗಣ್ಣು ಮಾತ್ರ ಮಿಣುಕುತ್ತಿತ್ತು;
ಸಿನಿಮಾದುದ್ದಕ್ಕೂ
ಎಡಕ್ಕೆ ತಿರುಗಲು ದಾರಿ ಕಾಯುವವನ ಹಾಗೆ ನಿಂತಿದ್ದೇನೆ.

ವಿಕಿರಣ ತಿಂದು ಕೆಟ್ಟ ರಾಕ್ಷಸ ಬೇಕಿತ್ತು.
ಹಂದಿ ಫಾರ್ಮಿನ ಶಾಜು ಬಂದ
ಮೈತುಂಬ ಹಲಸಿನ ಸಿಪ್ಪೆ ಅಂಟಿಸಿಕೊಂಡು,
ಮುಳ್ಳು ಹೊರಗೆ, ಅಂಟು ಒಳಗೆ.
ಸಾವಿರ ನೊಣ, ಸಂಬಳವಿಲ್ಲದ ಸಹನಟರು.

ಭೂಮಿಯ ಕಟ್ಟಕಡೆಯ ಮನುಷ್ಯ ಬೋಜಮ್ಮ,
ಮಡಿಕೇರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್.
ಸೀರೆಯ ನೆರಿಗೆ ಹಿಂದಕ್ಕೆ, ಕೊರಳಿಗೆ ಸುಟ್ಟ ಸರ್ಕ್ಯೂಟುಗಳ ಹಾರ.
ಸಾಯಬೇಕು; ಸಾಯುವ ಮುನ್ನ
ಮನುಕುಲದ ಬಗ್ಗೆ ಎರಡು ಪುಟ ಹೇಳಬೇಕು.

ಮೂರು ಟೇಕಾಯಿತು. ನಾಲ್ಕನೆಯದಕ್ಕೆ ಕಾಗದ ಮಡಚಿಟ್ಟರು.
"ಉಮ್ಮರಾ, ಎಷ್ಟು ಜನರ ಕಣ್ಣು ಮುಚ್ಚಿಸಿದ ಕೈ ಇದು.
ಒಬ್ಬರೂ ಭಾಷಣ ಮಾಡಿದ್ದಿಲ್ಲ.
ನೀರು ಕೇಳುತ್ತಾರೆ. ಕಿಟಕಿ ತೆಗೆ ಅನ್ನುತ್ತಾರೆ.
ಒಬ್ಬಾತ, ನಾಯಿಗೆ ಅನ್ನ ಹಾಕಿದಿರಾ ಅಂದ."

ಉಮ್ಮರ್ ತಲೆ ಕೆರೆದುಕೊಂಡ. ಆಗಲೇ
ಬೇಲಿ ಲಟಕ್ಕೆಂದಿತು.

ಹಲಸಿನ ವಾಸನೆ ಹಿಡಿದು ಬಂದಿತ್ತು ಒಂಟಿ ಸಲಗ.
ರಾಕ್ಷಸ ಸಿಪ್ಪೆ ಕಿತ್ತೆಸೆಯುತ್ತ ಓಡಿದ;
ನಿರ್ದೇಶಕ ಸಿಂಟೆಕ್ಸ್ ಟ್ಯಾಂಕಿನ ವ್ಯೋಮನೌಕೆಗೆ ಹಾರಿದ;
ಲೋಬೋ ಮೆಣಸಿನ ಏಣಿ ಹತ್ತಿ ಮೇರಿಮಾತೆಯನ್ನು ಕರೆದ;
ನಾನೂ ಓಡಿದೆ, ಎಡಗಣ್ಣು ಮಿಣುಕಿಸುತ್ತ, ಬಲಕ್ಕೆ.

ಕ್ಯಾಮೆರಾ ನಿಂತಲ್ಲೇ ಓಡುತ್ತಿತ್ತು.
ಬೋಜಮ್ಮನ ಮಂಡಿ ಓಡಲು ಒಪ್ಪಲಿಲ್ಲ.
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಡೆಯ ಮನುಷ್ಯ,
ಎದುರು ಆನೆ, ನಡುವೆ ಎಂಟು ಮಾರು ಬಿರುಕಿಲ್ಲದ ಸಿಮೆಂಟು.
ಆನೆ ಸಿಪ್ಪೆ ತಿನ್ನುತ್ತದೆ. ಕಿವಿ ಬೀಸುತ್ತದೆ. ನೋಡುತ್ತದೆ.
ಮೈಕಿನಲ್ಲಿ ಸಣ್ಣಗೆ ಒಂದು ದನಿ:
"ನೀರು ಬೇಕಾ ನಿನಗೆ?"

ಸಮುದಾಯ ಭವನದಲ್ಲಿ ತೋರಿಸಿದೆವು.
ವ್ಯೋಮನೌಕೆಗೆ ನಕ್ಕರು, ನನ್ನ ಕಣ್ಣಿಗೆ ಸೀಟಿ ಹೊಡೆದರು.
ಆನೆಯ ಸುತ್ತಲೂ ಲೋಬೋನ ಹೃದಯ ಇತ್ತು,
ಗುಲಾಬಿ, ಅಂಚಿಗೆ ಎರಡು ಪಾರಿವಾಳ.
ಯಾರೂ ಕೆಮ್ಮಲಿಲ್ಲ.
ಬೋಜಮ್ಮ ಮಾತ್ರ, ಮುಂದಿನ ಸಾಲಿನಿಂದ:
"ಆ ಕುರ್ಚಿ ನಮ್ಮನೆಯದು. ಇನ್ನೂ ವಾಪಸ್ ಬಂದಿಲ್ಲ."