ಹನ್ನೆರಡು ಆವರ್ತ

ಅಪ್ಪನ ಹಾಡಿನಲ್ಲಿ ಅಕ್ಕನಿಗೆ ಇನ್ನೂ ನಾಲ್ಕು ವರ್ಷ.
ಮೂಗು ಸೋರುತ್ತದೆ, ಬಲಗಾಲಿನ ಬೂಟು ಎಡಗಾಲಿಗೆ,
ಹೆಪ್ಪುಗಟ್ಟಿದ ಕಡಲ ಮೇಲೆ ಓಡುತ್ತಾಳೆ ತೂಲಿ,
ಹಿಂದೆ ಡ್ರಮ್ಮು ಅಟ್ಟಿಸಿಕೊಂಡು ಬರುತ್ತದೆ.

ನಾನು ಹುಟ್ಟುವ ಹೊತ್ತಿಗೆ ಕ್ಯಾಸೆಟ್ಟು ಅಚ್ಚಾಗಿಬಿಟ್ಟಿತ್ತು.
ಮುನ್ನೂರು ಪ್ರತಿ. ಇನ್ನೂರ ಅರವತ್ತು ನಮ್ಮ ಮಂಚದಡಿ.
ಕೆಮಿ ಊರಿನ ಕಾಗದದ ಮಿಲ್ಲು, ರಾತ್ರಿ ಪಾಳಿಯವರು ನಾಲ್ವರು,
ಗಿಟಾರಿನ ಮೇಲೂ ಗ್ರೀಸಿನ ಬೆರಳಚ್ಚು.
ಶನಿವಾರ ಮೀನುಗಾರರ ಹಳೇ ಷೆಡ್ಡಿನಲ್ಲಿ
ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದರು.

'ನಾನೆಲ್ಲಿ?' ಎಂದು ಕೇಳಿದೆನಂತೆ, ಐದರಲ್ಲೋ ಆರರಲ್ಲೋ.
ಅಪ್ಪ ತಲೆ ಕೆರೆದುಕೊಂಡ. ಇಲ್ಕ ಎಂಬ ನನ್ನ ಹೆಸರಿಗೆ
ನಮ್ಮ ಭಾಷೆಯಲ್ಲಿ ಅವನಿಗೆ ಸಿಕ್ಕ ಪ್ರಾಸ ಒಂದೇ:
ಪಿಲ್ಕ. ಎಂದರೆ ಗೇಲಿ.
ಎರಡು ರಾತ್ರಿ ಕೂತ. ಒಂದು ಡಬ್ಬಿ ಕಾಫಿಪುಡಿ ಮುಗಿಯಿತು.
ಕೊನೆಗೆ ಅಂದ: ಎರಡನೇ ಚರಣ ಆದಮೇಲೆ
ಬರೀ ಗಿಟಾರು ಬರುತ್ತಲ್ಲ, ಹನ್ನೆರಡು ಆವರ್ತ,
ಅದು ನೀನು.

ನನಗೆ ಹೊಟ್ಟೆ ಉರಿಯಿತು.
ಅವಳಿಗೆ ಬೂಟು, ಕಡಲು, ಹೆಸರು. ನನಗೆ ಬರೀ ಕುಂಯ್ ಕುಂಯ್.
ಕ್ಯಾಸೆಟ್ಟು ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ,
ಸ್ಪೀಕರಿಗೆ ಕಿವಿಯೊತ್ತಿ ಹುಡುಕಿದೆ,
ಎಲ್ಲಾದರೂ ಒಂದು ಸೊಲ್ಲು ಸಿಕ್ಕಿಕೊಂಡಿದೆಯೋ,
ಮೀನಿನೊಳಗೆ ಮುಳ್ಳಿನ ಹಾಗೆ.
ಶಾಲೆಯಲ್ಲಿ ಹೇಳಿದೆ: ನಮ್ಮಪ್ಪನ ಹಾಡಲ್ಲಿ ನಾನಿದ್ದೀನಿ.
ಎಲ್ಲಿ, ಹಾಡು ನೋಡೋಣ, ಅಂದರು.
ಬಾಯಲ್ಲೇ ಗಿಟಾರು ಬಾರಿಸಿದೆ.
ಪಿಲ್ಕ ಪಿಲ್ಕ, ಎಂದರು ವರ್ಷವಿಡೀ.

ಅಕ್ಕನ ಚರಣ ಅಲುಗುವುದಿಲ್ಲ.
ಅವಳು ಔಲುವಿನಲ್ಲಿ ಆಂಬುಲೆನ್ಸ್ ಓಡಿಸತೊಡಗಿದ ಮೇಲೂ
ಹಾಡಿನಲ್ಲಿ ಬೂಟು ಅದಲು ಬದಲೇ.
ಶುರುವಾದರೆ ಸಾಕು, ಸಿಗರೇಟು ಹಿಡಿದು ಹೊರಗೆ ನಡೆಯುತ್ತಾಳೆ.
ಅಮ್ಮನ ಮೇಲೆ ಹಾಡೇ ಇಲ್ಲ. ಕೇಳಿದರೆ,
ಆಂಪ್ಲಿಫಯರಿನ ಕಂತು ಕಟ್ಟಿದವಳು ನಾನು, ಅಷ್ಟು ಸಾಕು, ಅನ್ನುತ್ತಾಳೆ.
ನನ್ನ ಹನ್ನೆರಡು ಆವರ್ತ ಮಾತ್ರ
ಈ ಶನಿವಾರ ಇದ್ದ ಹಾಗೆ ಮುಂದಿನ ಶನಿವಾರ ಇರುತ್ತಿರಲಿಲ್ಲ.
ಸೈಕಲ್ಲಿನಿಂದ ಬಿದ್ದು ನನ್ನ ಗದ್ದಕ್ಕೆ ಹೊಲಿಗೆ ಹಾಕಿಸಿದ ವಾರ
ನಡುವೆ ಒಂದು ಸ್ವರ ಜಾರಿ, ಎದ್ದು, ಕುಂಟಿತು.
ದನಿ ಒಡೆದ ಚಳಿಗಾಲ
ದಪ್ಪ ತಂತಿಗೆ ಇಳಿದ, ಮತ್ತೆ ಮೇಲೇರಲಿಲ್ಲ.
ಅಪ್ಪನೊಡನೆ ನಾನು ಮಾತು ಬಿಟ್ಟ ಎಂಟು ತಿಂಗಳು
(ಮಿಲ್ಲಿಗೆ ಸೇರೆನು ಎಂದಿದ್ದೆ; ಅಷ್ಟೇ ಅಲ್ಲ, ಇನ್ನೂ ಏನೇನೋ ಎಂದಿದ್ದೆ)
ಹನ್ನೆರಡು ಹದಿನಾರಾಯಿತು, ಇಪ್ಪತ್ತಾಯಿತು.
ಡ್ರಮ್ಮಿನ ಕೌಕೊ ಗೊಣಗುತ್ತಿದ್ದನಂತೆ,
ಎಲ್ಲಿ ಮುಗಿಸುತ್ತಾನೋ ಈ ಮನುಷ್ಯ, ತೋಳು ಬಿದ್ದುಹೋಯಿತು.

ಮಿಲ್ಲು ಮುಚ್ಚಿದ ಬೇಸಿಗೆ. ರಾತ್ರಿ ಹನ್ನೊಂದಕ್ಕೂ ಹೊತ್ತು ಮುಳುಗಿರಲಿಲ್ಲ.
ಕ್ಯಾಂಟೀನಿನ ಮೇಜುಗಳನ್ನೇ ಜೋಡಿಸಿ ವೇದಿಕೆ.
ಅಪ್ಪನ ಎಡಗೈಯ ಎರಡು ಬೆರಳು ಆಗಲೇ ಮಡಿಸಲು ಬಾರವು.
ಅಕ್ಕನ ಚರಣ ಹಾಡಿದ, ಜನ ದನಿಗೂಡಿಸಿದರು,
ಬೂಟು ಎಂದಾಗ ಎಲ್ಲರೂ ನೆಲಕ್ಕೊಂದು ಒದೆ.
ಎರಡನೇ ಚರಣ. ಆಮೇಲೆ
ಅಪ್ಪ ಗಿಟಾರಿನಿಂದ ಕೈ ತೆಗೆದ.

ಕೌಕೊ ಬಾರಿಸುತ್ತಲೇ ಇದ್ದ. ಬೇಸಿನವನು ನಡೆಯುತ್ತಲೇ ಇದ್ದ.
ಒಂದು. ಎರಡು. ತಂತಿ ಹರಿಯಿತೇನೋ, ಎಂದರು ಯಾರೋ.
ಅಪ್ಪ ನನ್ನ ಕಡೆ ನೋಡುತ್ತಿದ್ದ,
ಕಿರುದಾರಿಯಲ್ಲಿ ಎದುರಾದವರಿಗೆ
ಪಕ್ಕಕ್ಕೆ ಸರಿದು ಜಾಗ ಬಿಟ್ಟವರ ಹಾಗೆ.
ನನಗೆ ಗಿಟಾರು ಬರುವುದಿಲ್ಲ. ಕಲಿಯಲೇ ಇಲ್ಲ. ಅವನಿಗೂ ಗೊತ್ತು.
ಜೇಬಿನಲ್ಲಿ ಕೈ. ಏಳು. ಎಂಟು.
ಮೂವತ್ತೊಂದು ವರ್ಷ, ಕನ್ನಡಕ, ಸ್ವಲ್ಪ ಹೊಟ್ಟೆ,
ನಿಂತಿದ್ದೆ ನಾನು ಹಾಡಿನೊಳಗೆ
ಇದ್ದ ಅಳತೆಯಲ್ಲೇ.
ಹನ್ನೊಂದಕ್ಕೆ ಅಕ್ಕ ಮೊಣಕೈಯಲ್ಲಿ ತಿವಿದಳು.
'ಉಸಿರಾಡೋ,' ಅಂದಳು. ಈ ಸಲ ಅವಳು ಹೊರಗೆ ಹೋಗಿರಲಿಲ್ಲ.

ಹನ್ನೆರಡು.
ಅಪ್ಪ ಮತ್ತೆ ಮೈಕಿಗೆ ಬಾಗಿದ,
ಅವಳ ಬೂಟಿಗೆ.