ಹೋಲ್ಡಾನ್

ಇಂಗ್ಲಿಷ್ ನನಗ ಬರೂದಿಲ್ಲಂತ ಯಾರಂದ್ರು?
ಹನ್ನೊಂದ ವರ್ಷಾತು, ಒಂದ ಶಬ್ದದ ಮ್ಯಾಲ
ಹೊಟ್ಟಿ ಹೊರಕೊಂಡು ಬಂದೇನಿ:
ಹೋಲ್ಡಾನ್.
ಅದು ಒಂದಲ್ಲ, ಎರಡ ಶಬ್ದ ಅಂತ
ಮೊನ್ನಿ ಮೊನ್ನಿ ಗೊತ್ತಾತು.

ಹೇಳಿದವರು ಜುಬೇದಾ ಟೀಚರ.
ಎಂಟೂ ಹತ್ತರ ಅಪ್ ಟ್ರಿಪ್, ಹಳೇ ಬಾಗಲಕೋಟಿಯಿಂದ ನವನಗರ,
ಎಡಕ ಮೂರನೇ ಸೀಟು, ಕಿಡಕಿ ಬಾಜೂಕ,
ತೊಡಿ ಮ್ಯಾಲ ಏಳನೇತ್ತಾದ ಹುಡುಗೂರ ನೋಟಬುಕ್ಕು.
ತಗ್ಗ ಬಂದಾಗೊಮ್ಮೆ ಅವರ ಕೆಂಪ ಗೆರಿ ಸೊಟ್ಟ,
ಯಾವದೋ ಪಾಪದ ಹುಡುಗನ ಬರೋಬರಿ ಉತ್ತರಕ್ಕೂ ಕಾಟು.

‘ಹೋಲ್ಡ್ ಬ್ಯಾರೆ, ಆನ್ ಬ್ಯಾರೆ. ಆನ್ ಅಂದ್ರ ಮ್ಯಾಲ.’
ಯಾತರ ಮ್ಯಾಲ್ರಿ?
‘ಯಾತರ ಮ್ಯಾಲೂ ಅಲ್ಲ. ಸುಮ್ಮನ ಮ್ಯಾಲ.’
ಹಿಂದಿನ ಬಾಗಲಕ್ಕ ಜೋತಬಿದ್ದ ಕಾಲೇಜ ಹುಡುಗೂರನ್ನ
ಒಮ್ಮೆ ಹೊಳ್ಳಿ ನೋಡಿದೆ.
ತಿಳೀತ್ರಿ, ಅಂದೆ.

ಕಾರಿಗೆ ಇನ್ ಅಂತ, ಬಸ್ಸಿಗೆ ಆನ್ ಅಂತ.
ಬಗ್ಗಿ ಕೂಡೂದಾದ್ರ ಇನ್, ನಿಂತ ಅಡ್ಡಾಡಾಕ ಬಂದ್ರ ಆನ್.
ಸಂತಿ ದಿನ ನಮ್ಮ ಬಸ್ಸಿನಾಗ
ಟಿಕೀಟಿನ ಮಶೀನ ನೆತ್ತಿ ಮ್ಯಾಲ ಹಿಡದು ಹಾಯತೇನ್ರಿ,
ಆವತ್ತ ಏನನ್ನೂದು?
ಚಷ್ಮಾ ತಗದು ಒರಸಿಕೊಂಡ್ರು. ‘ಆವತ್ತ ಇನ್.’

ಪಿಕಪ್ಪಿನಾಗ ಅಪ್ ಐತಿ, ಬ್ರೇಕಡೌನಿನಾಗ ಡೌನ್ ಐತಿ ಅಂದ್ರ
ಡ್ರೈವರ ಯಮನೂರಪ್ಪ ಕನ್ನಡ್ಯಾಗಿಂದನ ಅಂದ:
‘ಗಾಡಿ ಅಂದ್ರ ಅಷ್ಟ ಅಲ್ಲೇನ್ರಿ ಮತ್ತ.’

ಒಂದಿನ ಒಂದ ಸಾಲ ಓದಿ ತೋರಿಸಿದ್ರು.
ಕಮ್ ಬ್ಯಾಕ್ ಡೌನ್ ಫ್ರಮ್ ಅಪ್ ದೇರ್.
ಬಾ ಅನ್ನೂದೊಂದ ಬಿಟ್ರ ಉಳದ ಐದೂ
ಬರೇ ಹೊಳ್ಳಿ, ಕೆಳಗ, ಇಂದ, ಮ್ಯಾಲ, ಅಲ್ಲಿ.
ಒಂದರ ಹೆಸರ ಬ್ಯಾಡೇನ್ರಿ? ಮಾಳಗಿ ಅನ್ನರಿ, ಬೇವಿನ ಗಿಡ ಅನ್ನರಿ.
ಇಂಥಾ ಮಂದಿ ಬಸ್ ಹತ್ತಿದ್ರ
ಎಲ್ಲಿಂದ ಎಲ್ಲಿಗಂತ ಟಿಕೀಟ ಹರೀಲಿ?

ನಮ್ಮವು ಹಂಗಲ್ಲ.
ಮನಿ ಅಂದಿಂದ ಒಳಗ, ಒಳಗ ಅಂದಿಂದ ಇಂದ.
ಮನಿಯೊಳಗಿಂದ.
ಒಂದರ ಅಂಗಿ ಚುಂಗ ಒಂದ ಹಿಡದು ರೈಲಾಟ ಆಡಿದಂಗ,
ಮುಂದ ಹೆಸರಿನ ಎಂಜಿನ್ನು.
ಅವರದರಾಗ ಡಬ್ಬಿ ಮೊದಲ ಬರತಾವ,
ಒಂದಕ್ಕೊಂದ ಮುಟ್ಟಸಂಗಿಲ್ಲ, ನಡುವ ಗೇಣ ಜಾಗ,
ಎಂಜಿನ್ ಕಡೀಕ.
‘ಒಮ್ಮೊಮ್ಮೆ ಬರೂದ ಇಲ್ಲ ನೋಡ’ ಅಂದ್ರು ಟೀಚರ.

ಶ್ರಾವಣದಾಗ ಹಿನ್ನೀರ ಏರಿತ್ತು.
ರಸ್ತಾದ ಅಂಚಿನ ತನಕ ಬಂದು
ಜಾಲಿ ಕಂಟಿ ಕುತಗಿ ಮುಟ್ಟಿ ನಿಂತಿತ್ತು.
ಆವತ್ತ ಟೀಚರ ನೋಟಬುಕ್ ತಗೀಲಿಲ್ಲ.
ಚಿಲ್ಲರ ಕೊಡೂ ನೆವದಾಗ ಕೇಳಿದೆ,
ಮೊದಲಿನ ಮನಿ ಎಲ್ಲಿ ಬರತಿತ್ರಿ ನಿಮ್ಮದು?

ಕನ್ನಡದಾಗ ಕೇಳಿದ್ದಕ್ಕ ಇಂಗ್ಲಿಷಿನಾಗ ಹೇಳಿದ್ರು,
ನೀರಿನ ಕಡೆ ಗದ್ದಾ ಎತ್ತಿ:
ಡೌನ್. ಇನ್. ಅಂಡರ್. ದೇರ್.
ನಾಕ ಡಬ್ಬಿ.
ಓಣಿ ಹೆಸರ ಬರತೈತೇನೋ, ದರಗಾದ ಹೆಸರೋ, ಬಾವಿದೋ,
ಅವರ ಅಬ್ಬಾನ ಹೆಸರರ,
ಅಂತ ಬಾರ ಹಿಡಕೊಂಡು ನಿಂತೆ.
ಎಂಜಿನ್ ಬರಲಿಲ್ಲ.

ಅಲ್ಲಿ ಸ್ಟಾಪ್ ಇಲ್ಲ.
ಆದರೂ ಅಂದೆ, ಹನ್ನೊಂದ ವರ್ಷದಾಗ ಮೊದಲನೇ ಸಲ
ಬಿಡಿಸಿ ಬಿಡಿಸಿ:
ಹೋಲ್ಡ್.
ಆನ್.

ಯಮನೂರಪ್ಪ ಬ್ರೇಕ್ ಒತ್ತಿದ.
ಯಾರೂ ಇಳೀಲಿಲ್ಲ. ಯಾರೂ ಹತ್ತಲಿಲ್ಲ.
ಎಂಜಿನ್ ಗುರ್ ಅಂತ ನಿಂತ ಜಾಗಾದಾಗ ನಡಗತಿತ್ತು.
ಹಿಂದಿಂದ ಯಾರೋ ಬೈದ್ರು, ಆಫೀಸಿನ್ಯಾಂವ.
ಟೀಚರ ಕಿಡಕಿ ಗಾಜ ಪೂರಾ ಸರಿಸಿ ಕುಂತ್ರು.
ಆಮ್ಯಾಲ ಚೀಲಾ ಬಿಚ್ಚಿ
ಮ್ಯಾಲಿನ ನೋಟಬುಕ್ ತಗದ್ರು.

ರೈಟ್, ಅಂದೆ.

ಮೂರ ಮಿನಿಟ ತಡ. ಡಿಪೋದಾಗ ಕಾರಣ ಬರೀಬೇಕು.
ಬರದೆ:
ಎಮ್ಮಿ ಅಡ್ಡ ಬಂದಿತ್ತು.